ಗಂಟಲಿಲ್ಲದ ಗಾಯಕಿ

2007ರ ಸೆಪ್ಟೆಂಬರ್ 4ರಂದು ಜಪಾನಿನ ವಿಡಿಯೊ ತಾಣ ನಿಕೊ ನಿಕೊ ದೋಗಾದಲ್ಲಿ ಒಂದು ತಮಾಷೆಯ ತುಣುಕು ಕಾಣಿಸಿಕೊಂಡಿತು. ದುಂಡುಮುಖದ ಗೊಂಬೆಯಂಥ ಹುಡುಗಿ, ತಲೆಯ ಎರಡೂ ಬದಿಗೆ ಹಸಿರುನೀಲಿ ಜುಟ್ಟು, ಕೈಯಲ್ಲಿ ಉದ್ದನೆಯ ಈರುಳ್ಳಿ ದಂಟು. ಅದನ್ನು ಬೀಸುತ್ತ ಅವಳು ಹಾಡಿದ್ದು ಫಿನ್ಲೆಂಡಿನ ‘ಇಯೆವಾನ್ ಪೋಲ್ಕಾ’, ಅದರಲ್ಲೂ ತಕಿಟ-ತದಿಗಿಣದ ಹಾಗೆ ಅರ್ಥವಿಲ್ಲದೆ ಉರುಳುವ ಭಾಗವನ್ನು. ಇದನ್ನು ಮಾಡಿದ್ದು ಒಟೊಮೇನಿಯಾ ಎಂಬ ಅಡ್ಡಹೆಸರಿನ ಹವ್ಯಾಸಿ. ಹಾಡಿದವಳು ಅಂಗಡಿಗೆ ಬಂದು ನಾಲ್ಕೇ ದಿನವಾಗಿತ್ತು. ಹೌದು, ಅಂಗಡಿಗೆ. ಹಾತ್ಸುನೆ ಮಿಕು ಡಬ್ಬಿಯಲ್ಲಿ ಮಾರುವ ಸಾಫ್ಟ್‌ವೇರ್.

ಯಂತ್ರದಿಂದ ಹಾಡಿಸುವ ಹುಚ್ಚು ಹೊಸದಲ್ಲ. 1961ರಲ್ಲೇ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಐಬಿಎಂ ಕಂಪ್ಯೂಟರೊಂದು ‘ಡೈಸಿ ಬೆಲ್’ ಎಂಬ ಹಳೆಯ ಹಾಡನ್ನು ಹಾಡಿತ್ತು. 2000ದಲ್ಲಿ ಯಮಾಹಾ ಕಂಪನಿಯ ಹಿದೆಕಿ ಕೆನ್ಮೋಚಿ, ಬಾರ್ಸಿಲೋನಾದ ಪೊಂಪೆವು ಫಾಬ್ರಾ ವಿಶ್ವವಿದ್ಯಾಲಯದವರ ಜೊತೆ ಸೇರಿ ಇದೇ ಕೆಲಸವನ್ನು ಮತ್ತೆ ಕೈಗೆತ್ತಿಕೊಂಡಾಗ, ಆ ಹಾಡಿನ ನೆನಪಿಗೆ ಯೋಜನೆಯನ್ನು ‘ಡೈಸಿ’ ಎಂದೇ ಕರೆಯುತ್ತಿದ್ದರು. 2003ರಲ್ಲಿ ಅದನ್ನು ವೊಕಲಾಯ್ಡ್ ಎಂಬ ಹೆಸರಿನಲ್ಲಿ ಘೋಷಿಸಿದರು.

ಒಳಗಿನ ಕಸುಬು ನಮ್ಮ ಕಾಗುಣಿತ ಬಲ್ಲವರಿಗೆ ಬೇಗ ಅರ್ಥವಾಗುತ್ತದೆ. ಮನುಷ್ಯರೊಬ್ಬರು ಸ್ಟುಡಿಯೊದಲ್ಲಿ ಕೂತು ಅರ್ಥವಿಲ್ಲದ ಅಕ್ಷರಗಳ ಸಾಲುಗಳನ್ನು ಒಂದೇ ಶ್ರುತಿಯಲ್ಲಿ ಉಚ್ಚರಿಸುತ್ತ ಹೋಗುತ್ತಾರೆ. ಒಂದು ಧ್ವನಿ ಮುಗಿದು ಇನ್ನೊಂದಕ್ಕೆ ಹೊರಳುವ ಸಂಧಿಗಳನ್ನು ಕತ್ತರಿಸಿ ಕೂಡಿಡುತ್ತಾರೆ. ಸಾಫ್ಟ್‌ವೇರ್ ಕೊಂಡವರು ಪರದೆಯ ಮೇಲೆ ಸ್ವರಗಳನ್ನು ಇಟ್ಟು, ಪ್ರತಿ ಸ್ವರಕ್ಕೂ ಅಕ್ಷರ ಬರೆದರೆ, ತುಣುಕುಗಳು ಹೆಣೆದುಕೊಂಡು ಹಾಡಾಗುತ್ತವೆ. ಇಂಗ್ಲಿಷಿಗೆ ಇಂಥ ಸುಮಾರು 2,500 ತುಣುಕು ಬೇಕು. ಜಪಾನಿಗೆ 500ರಷ್ಟು ಸಾಕು. ಬಹುಪಾಲು ಒಂದು ವ್ಯಂಜನಕ್ಕೆ ಒಂದು ಸ್ವರ ಅಂಟಿಕೊಂಡ ಭಾಷೆ ಅದು. ಜಪಾನಿ ಅಕ್ಷರಮಾಲೆಯ ಅ-ಇ-ಉ, ಕ-ಸ-ತ-ನ ಕ್ರಮವೂ ಬೌದ್ಧರ ಮೂಲಕ ಭಾರತದ ವರ್ಣಮಾಲೆಯಿಂದ ಅಲ್ಲಿಗೆ ಹೋದದ್ದು.

ಆದರೆ ಮೊದಲ ದನಿಗಳು ಇಂಗ್ಲಿಷಿನವು. 2004ರ ಆರಂಭದಲ್ಲಿ ಬ್ರಿಟನ್ನಿನ ಕಂಪನಿಯೊಂದು ತಂದ ಲಿಯೋನ್ ಮತ್ತು ಲೋಲಾರಿಗೆ ಮುಖವೇ ಇರಲಿಲ್ಲ. ಅದೇ ವರ್ಷ ಸಪ್ಪೊರೊದ ಕ್ರಿಪ್ಟನ್ ಫ್ಯೂಚರ್ ಮೀಡಿಯಾ ಡಬ್ಬಿಯ ಮೇಲೆ ಒಂದು ಹುಡುಗಿಯ ಚಿತ್ರ ಹಾಕಿ ‘ಮೆಯ್ಕೊ’ ಬಿಡುಗಡೆ ಮಾಡಿತು. ಇಂಥ ಸಾಫ್ಟ್‌ವೇರ್ ಸಾವಿರ ಪ್ರತಿ ಖರ್ಚಾದರೆ ಗೆದ್ದಂತೆ ಎನ್ನುವ ಕಾಲದಲ್ಲಿ ಅದು ಮೂರು ಸಾವಿರ ಹೋಯಿತು. 2006ರಲ್ಲಿ ಬಂದ ಗಂಡುದನಿ ‘ಕಾಯ್ತೊ’ ಐನೂರರ ಆಸುಪಾಸಿಗೇ ಸುಸ್ತಾಯಿತು.

ಕಂಪನಿಯ ಮುಖ್ಯಸ್ಥ ಹಿರೊಯುಕಿ ಇತೊ ಮುಂದಿನ ಸಲ ಹಾಡುಗಾರರ ಬದಲು ಕಾರ್ಟೂನಿಗೆ ದನಿ ಕೊಡುವ ಸಾಕಿ ಫುಜಿತಾ ಅವರನ್ನು ಕರೆಸಿದರು. ಕೆಯ್ ಎಂಬ ಚಿತ್ರಕಾರ, ಯಮಾಹಾದ ಹಳೆಯ ಡಿಎಕ್ಸ್7 ಸಿಂಥಸೈಜರಿನ ಬಣ್ಣಗಳನ್ನೇ ಹೊಸ ಗಾಯಕಿಯ ಉಡುಪಿಗೆ ಹಚ್ಚಿದರು. ಹೆಸರಿನ ಅರ್ಥ ಮೊದಲ, ಧ್ವನಿ, ಭವಿಷ್ಯ: ಹಾತ್ಸು, ನೆ, ಮಿಕು. ವಯಸ್ಸು 16, ಎತ್ತರ 158 ಸೆಂ.ಮೀ., ತೂಕ 42 ಕೆ.ಜಿ. ಊರಿಲ್ಲ, ಅಪ್ಪ-ಅಮ್ಮ ಇಲ್ಲ, ಕಥೆಯೂ ಇಲ್ಲ. ಸುಮಾರು ಒಂದು ವರ್ಷದಲ್ಲಿ 40 ಸಾವಿರ ಪ್ರತಿ ಮಾರಾಟವಾದದ್ದಕ್ಕೆ ಈ ಖಾಲಿತನವೇ ಕಾರಣ ಎನ್ನಬೇಕು. ಕೊಂಡವರೆಲ್ಲ ತಮ್ಮ ತಮ್ಮ ಮಿಕುವನ್ನು ಅದರಲ್ಲಿ ತುಂಬಿದರು.

ಹಾಡು ಒಬ್ಬರದು, ಚಿತ್ರ ಇನ್ನೊಬ್ಬರದು, ವಿಡಿಯೊ ಮತ್ತೊಬ್ಬರದು. ಮುಖ ನೋಡದವರೆಲ್ಲ ಕೂಡಿ ಕೆಲಸ ಮಾಡುತ್ತಿದ್ದರು. ಹಕ್ಕುಸ್ವಾಮ್ಯದ ದೊಣ್ಣೆ ಬೀಸುವ ಬದಲು ಕ್ರಿಪ್ಟನ್ 2007ರ ಡಿಸೆಂಬರಿನಲ್ಲಿ ‘ಪಿಯಾಪ್ರೊ’ ತಾಣ ತೆರೆದು, ಲಾಭಕ್ಕಲ್ಲದೆ ಅವಳ ಚಿತ್ರ ಬರೆಯುವವರಿಗೆ ದಾರಿ ಬಿಟ್ಟಿತು. ವ್ಯಾಪಾರಿ ಸಂಸ್ಥೆಯೊಂದು ಕೈಕಟ್ಟಿ ಕೂತು ಗೆದ್ದ ಅಪರೂಪದ ಪ್ರಸಂಗವಿದು.

ಆರಂಭದ ಹಾಡುಗಳಲ್ಲಿ ಅನೇಕವು ಮಿಕು ತನ್ನ ಬಗ್ಗೆ, ತಾನು ಸಾಫ್ಟ್‌ವೇರ್ ಎಂಬುದರ ಬಗ್ಗೆ ಹಾಡಿಕೊಂಡವು. ಅದೇ ಡಿಸೆಂಬರಿನಲ್ಲಿ ರ್ಯೊ ಎಂಬಾತ ಹಾಕಿದ ‘ಮೆಲ್ಟ್’ ಮಾತ್ರ ಸಾಮಾನ್ಯ ಹುಡುಗಿಯೊಬ್ಬಳ ಪ್ರೇಮದ ಹಾಡು. ಕೇಳಿದ ಮನುಷ್ಯರು ತಾವೂ ಅದನ್ನು ಹಾಡಿ ವಿಡಿಯೊ ಹಾಕತೊಡಗಿದರು. ತಾಣದ ಪಟ್ಟಿಯ ತುಂಬ ಅದೇ ಹಾಡು. ‘ಮೆಲ್ಟ್ ಶಾಕ್’ ಎಂದು ಅದಕ್ಕೆ ಹೆಸರೇ ಬಿತ್ತು. ರಾಜಕುಮಾರರ ತುಟಿಗೆ ಪಿ.ಬಿ. ಶ್ರೀನಿವಾಸರ ಕಂಠ ಕೇಳಿ ಬೆಳೆದ ನಾಡಿಗೆ ಮುಖವೊಂದು, ದನಿಯೊಂದು ಎಂಬುದು ವಿಚಿತ್ರವೇನಲ್ಲ. ಯಂತ್ರ ಮೊದಲು ಹಾಡಿ, ಮನುಷ್ಯ ಅದನ್ನು ನೋಡಿ ಕಲಿತದ್ದು ಮಾತ್ರ ನಮಗೂ ಹೊಸದು. ಕಾಸ್ಮೊ ಎಂಬ ಸಂಯೋಜಕ 2008ರಲ್ಲಿ ‘ಹಾತ್ಸುನೆ ಮಿಕು ಮಾಯವಾಗುವುದು’ ಎಂಬರ್ಥದ ಹಾಡನ್ನು ನಿಮಿಷಕ್ಕೆ 240 ಬಡಿತದ ವೇಗದಲ್ಲಿ ಓಡಿಸಿದ. ಉಸಿರು ತೆಗೆದುಕೊಳ್ಳಬೇಕಾದವರಿಗಾಗಿ ಬರೆದ ಹಾಡಲ್ಲ ಅದು. ಆದರೂ ಹಾಡಿಯೇ ತೀರುತ್ತೇವೆಂದು ಹೊರಟವರಿಗೆ ಕೊರತೆಯಾಗಲಿಲ್ಲ.

ಇಂಥ ಸಂಯೋಜಕರನ್ನು ಅಲ್ಲಿ ‘ಪಿ’ ಎನ್ನುತ್ತಾರೆ, ಪ್ರೊಡ್ಯೂಸರ್ ಎಂಬುದರ ಮೊದಲಕ್ಷರ. ‘ಹಾಚಿ’ ಎಂಬ ಹೆಸರಿನಲ್ಲಿ ಮಿಕುವಿಗೆ ಹಾಡು ಕಟ್ಟುತ್ತಿದ್ದ ಹುಡುಗ ಇಂದು ಜಪಾನಿನ ಮುಂಚೂಣಿಯ ಗಾಯಕ ಕೆನ್ಶಿ ಯೊನೆಜು. ಯೊಅಸೊಬಿ ಜೋಡಿಯ ಅಯಾಸೆ ಕೂಡ ಇದೇ ಗರಡಿಯವರು.

2010ರ ಮಾರ್ಚ್ 9ರಂದು (ಜಪಾನಿಯಲ್ಲಿ 3 ‘ಮಿ’, 9 ‘ಕು’) ಟೋಕಿಯೊದ ವೇದಿಕೆಯಲ್ಲಿ ಪಾರದರ್ಶಕ ಪರದೆಯ ಮೇಲೆ ಅವಳು ಕುಣಿದಳು. ವಾದ್ಯದವರು ಮಾತ್ರ ಜೀವಂತ ಮನುಷ್ಯರು. 2012ರಲ್ಲಿ ಎಂಬತ್ತು ವರ್ಷದ ಇಸಾವೊ ತೊಮಿತಾ ತಮ್ಮ ‘ಇಹಾತೋವ್ ಸಿಂಫನಿ’ಗೆ ಅವಳನ್ನು ಗಾಯಕಿಯಾಗಿ ಆರಿಸಿಕೊಂಡರು. ಸಿಂಥಸೈಜರ್ ಸಂಗೀತದ ಆ ಹಿರಿಯರು ಅಲ್ಲಿ ಒಂದು ಶರತ್ತನ್ನು ಬಿಟ್ಟುಕೊಡಲಿಲ್ಲ: ವಾದ್ಯವೃಂದ ಯಂತ್ರದ ಲಯಕ್ಕೆ ಕಟ್ಟುಬೀಳಬಾರದು, ನಿರ್ದೇಶಕನ ಕೋಲು ಬೀಸಿದಂತೆ ಮಿಕುವೇ ಹಾಡಬೇಕು. ಅದಕ್ಕೆಂದೇ ವ್ಯವಸ್ಥೆ ರೂಪಿಸಿ ಹಾಗೆಯೇ ಹಾಡಿಸಿದರು.

ಇವಳ ಗೆಳತಿಯೊಬ್ಬಳದು ಇನ್ನೂ ಸೊಗಸಾದ ಕಥೆ. 2008ರ ಏಪ್ರಿಲ್ 1ಕ್ಕೆ ಹೊಸ ವೊಕಲಾಯ್ಡ್ ಬಂದಿದೆಯೆಂದು ಜನರನ್ನು ಮೂರ್ಖರಾಗಿಸಲು ಕೆಲವರು ಕೆಂಪು ಸುರುಳಿ ಜುಟ್ಟಿನ ಕಸಾನೆ ಟೆಟೊಳನ್ನು ಬರೆದರು. ಸುಳ್ಳು ಹುಡುಗಿಗೆ ಮುಂದೆ ‘ಉತಾವು’ ಎಂಬ ಪುಕ್ಕಟೆ ಸಾಫ್ಟ್‌ವೇರಿನಲ್ಲಿ ನಿಜದ ದನಿ ಸಿಕ್ಕಿತು. 2023ರಲ್ಲಿ ಸಿಂಥಸೈಜರ್ ವಿ ಎಂಬ ಹೊಸ ತಂತ್ರಾಂಶದಲ್ಲಿ ದುಡ್ಡು ಕೊಟ್ಟು ಕೊಳ್ಳುವ ದನಿಯೂ ಬಂತು. 2024ರ ‘ಮೆಸ್ಮರೈಜರ್’ನಲ್ಲಿ ಟೆಟೊ ಮಿಕುವಿನ ಪಕ್ಕದಲ್ಲೇ ನಿಂತು ಹಾಡುತ್ತಾಳೆ. ಹೊಸದಾಗಿ ಕೇಳುವವರು ‘ಮೆಲ್ಟ್’ನಿಂದ ಶುರುಮಾಡಿ ಅಲ್ಲಿಗೆ ಬರಲಿ, ಮೊದಲೆರಡು ಹಾಡಿಗೆ ಆ ಕೀಚಲು ದನಿ ಕಿವಿಗೆ ಚುಚ್ಚುತ್ತದೆ, ಮೂರನೆಯದಕ್ಕೆ ಕಾಲು ತಾಳ ಹಾಕತೊಡಗುತ್ತದೆ.