ಎರಡು ಬ್ರೇಕಿನ ಕಾರು: ಪುಕಾರು ಎಷ್ಟು, ಖರೆ ಎಷ್ಟು?

ಸಿರಸಂಗಿ: ಯುಗಾದಿ ಬಂತೆಂದರೆ ಇಲ್ಲಿ ಕಾಳಮ್ಮನ ಜಾತ್ರೆ. ಹಿಂದೆ ಚಕ್ಕಡಿ ಬರುತ್ತಿದ್ದವು, ಆಮೇಲೆ ಟ್ರ್ಯಾಕ್ಟರು, ಟೆಂಪೊ. ಈಗ ಹಿಂಬದಿಗೆ ‘ಹೈಬ್ರಿಡ್’ ಎಂದು ಬರೆದ ಕಾರುಗಳ ಕಾಲ. ಕಾರಿನ ಬೆನ್ನಿಗೇ ಒಂದು ಪುಕಾರೂ ಬಂದಿದೆ. “ಅದರ ಬ್ರೇಕು ಕಂಪ್ಯೂಟರ್ ಕೈಯಾಗ ಐತಂತ್ರೀ. ಅದು ಕೈಕೊಟ್ರ ಗಾಡಿ ನಿಲ್ಲೂದಿಲ್ಲಂತ!” ಇದರಲ್ಲಿ ಖರೆ ಎಷ್ಟು? ಕಾರು ಕೊಳ್ಳುವವರಿಗೂ ಗೊತ್ತಿರಬೇಕು, ಅದರ ಮುಂದೆ ರಸ್ತೆ ದಾಟುವವರಿಗೂ ಗೊತ್ತಿರಬೇಕು.

ಹೈಬ್ರಿಡ್ ಅಂದರೆ ಒಂದೇ ನೊಗಕ್ಕೆ ಎರಡು ಎತ್ತು. ಒಂದು ಪೆಟ್ರೋಲ್ ಎಂಜಿನ್, ಇನ್ನೊಂದು ಕರೆಂಟಿನ ಮೋಟಾರು. ನಿಲ್ಲಿಸುವುದಕ್ಕೂ ಎರಡು ದಾರಿ. ಬ್ರೇಕ್ ಮೆಲ್ಲಗೆ ಒತ್ತಿದರೆ ಮೋಟಾರು ಡೈನಮೊ ಆಗಿ ಕರೆಂಟು ಹುಟ್ಟಿಸಿ ಬ್ಯಾಟರಿಗೆ ತುಂಬುತ್ತದೆ. ಸೈಕಲ್ಲಿಗೆ ಡೈನಮೊ ಹಚ್ಚಿದಾಗ ಪೆಡಲ್ ಭಾರ ಆಗುತ್ತದಲ್ಲ, ಅದೇ ಲೆಕ್ಕದಲ್ಲಿ ಕಾರಿನ ಓಟ ತಗ್ಗುತ್ತದೆ. ಜೋರಾಗಿ ಒತ್ತಿದಾಗ, ಇಲ್ಲವೆ ಗಾಡಿ ಪೂರ್ತಿ ನಿಲ್ಲುವ ಹೊತ್ತಿಗೆ, ಎಣ್ಣೆಯ ಒತ್ತಡದ ಮಾಮೂಲಿ ಬ್ರೇಕು ಹಿಡಿಯುತ್ತದೆ. ಪಾಲು ಹಂಚುವುದು ಮಾತ್ರ ಕಂಪ್ಯೂಟರ್. ಅದು ಕೆಟ್ಟರೂ ಕಾಲಿನ ಒತ್ತಡ ಎಣ್ಣೆಯ ಮೂಲಕ ಚಕ್ರಕ್ಕೆ ಮುಟ್ಟುವ ದಾರಿ ಇಟ್ಟಿರುತ್ತಾರೆ. ಆಗ ಪೆಡಲ್ ಬಿಗಿ ಆಗುತ್ತದೆ; ಜೋರು ಹಾಕಿ ತುಳಿಯಬೇಕು.

ಹಾಗಾದರೆ ಪುಕಾರು ಬರೀ ಸುಳ್ಳೇ? ಅಲ್ಲ, ಅದಕ್ಕೆ ಬೇರಿದೆ. 2010ರ ಫೆಬ್ರುವರಿಯಲ್ಲಿ ಟೊಯೋಟಾ ಕಂಪನಿ ಪ್ರಿಯಸ್ ಸೇರಿ ಜಗತ್ತಿನಾದ್ಯಂತ ಸುಮಾರು 4.37 ಲಕ್ಷ ಹೈಬ್ರಿಡ್ ಕಾರುಗಳನ್ನು ವಾಪಸ್ ಕರೆಯಿತು. ತಗ್ಗು-ದಿಣ್ಣೆಯ ಇಲ್ಲವೆ ಜಾರುವ ರಸ್ತೆಯಲ್ಲಿ ಒಂದು ಬ್ರೇಕಿನಿಂದ ಇನ್ನೊಂದಕ್ಕೆ ಬದಲಾಗುವಾಗ ಒಂದು ಗಳಿಗೆ ಹಿಡಿತ ತಪ್ಪಿದಂತೆ ಆಗುತ್ತಿತ್ತು. ಕಂಪ್ಯೂಟರಿನ ಲೆಕ್ಕ ತಿದ್ದಿ ಸರಿ ಮಾಡಿದರು. 2013ರಲ್ಲಿ ಮತ್ತೆ ಸುಮಾರು 2.42 ಲಕ್ಷ ಕಾರು. ಈ ಸಲ ದೋಷ ಬ್ರೇಕಿನ ಒತ್ತಡ ಕಾಯುವ ಭಾಗದ್ದು.

ನಮ್ಮ ರಾಜ್ಯದ ಬಿಡದಿಯಲ್ಲೇ 2013ರಿಂದ ಕ್ಯಾಮ್ರಿ ಹೈಬ್ರಿಡ್, 2022ರಿಂದ ಹೈರೈಡರ್, ಹೈಕ್ರಾಸ್ ತಯಾರಾದವು. ಇಂದಿನ ಹೊಸ ಕಾರು ನಾಳೆ ಸೆಕೆಂಡ್ ಹ್ಯಾಂಡ್ ಆಗಿ ನಮ್ಮ ಊರಿಗೆ ಬರುತ್ತದೆ. ಪೇಚು ಇರುವುದು ಅಲ್ಲಿಯೇ. ವಾಪಸ್ ಕರೆದ ಪತ್ರ ಮೊದಲ ಮಾಲಕನ ಮನೆಗೆ ಹೋಗಿರುತ್ತದೆ. ಎರಡನೆಯವನಿಗೆ ಸುದ್ದಿಯೇ ಇಲ್ಲ! ಆದ್ದರಿಂದ ಬಣ್ಣ, ಸೀಟು ನೋಡುವ ಮೊದಲು ಚಾಸಿ ನಂಬರು ಹಿಡಿದು ಕಂಪನಿ ವರ್ಕ್‌ಶಾಪಿನಲ್ಲಿ ಕೇಳಿರಿ: “ಈ ಗಾಡಿಗೆ ರೀಕಾಲ್ ಇತ್ತೇನ್ರಿ? ರಿಪೇರಿ ಆಗೇತೇನ್ರಿ?” ದೋಷದ ವಾಹನ ವಾಪಸ್ ಕರೆಸುವ ಅಧಿಕಾರ 2021ರ ಏಪ್ರಿಲ್‌ನಿಂದ ಕೇಂದ್ರ ಸರ್ಕಾರಕ್ಕೂ ಇದೆ. ಮಾಲಕರು ದೂರು ಕೊಟ್ಟರೆ ತಾನೇ ಅದು ಚಲಿಸುವುದು?

ಇನ್ನು ನಮ್ಮ ರೂಢಿಗಳು. ಎಲ್ಲಮ್ಮನ ಗುಡ್ಡ ಇಳಿಯುವಾಗ ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಹಾಕುವ ಜಾಣರಿದ್ದಾರೆ. ಹೈಬ್ರಿಡ್‌ನಲ್ಲಿ ನ್ಯೂಟ್ರಲ್ ಹಾಕಿದರೆ ಬ್ಯಾಟರಿ ತುಂಬುವುದಿಲ್ಲ, ಮೋಟಾರಿನ ಹಿಡಿತವೂ ಹೋಗುತ್ತದೆ. ಉದ್ದದ ಇಳಿಜಾರಿಗೆ ಗೇರಿನಲ್ಲಿ ‘ಬಿ’ ಇರುತ್ತದೆ, ಅದನ್ನು ಹಾಕಿರಿ. ಮೋಟಾರೇ ಅರ್ಧ ಕೆಲಸ ಮಾಡುವುದರಿಂದ ಬ್ರೇಕ್ ಪ್ಯಾಡ್ ಸವೆಯುವುದು ಕಡಿಮೆ. ಅದಕ್ಕೇ ಯಾರೂ ಚಕ್ರ ಬಿಚ್ಚಿ ನೋಡುವುದಿಲ್ಲ. ಆದರೆ ಮಳೆಗಾಲದಲ್ಲಿ ಡಿಸ್ಕಿಗೆ ತುಕ್ಕು ಹಿಡಿಯುತ್ತದೆ, ಬ್ರೇಕ್ ಎಣ್ಣೆ ಗಾಳಿಯ ನೀರು ಹೀರುತ್ತದೆ. ವೇಳೆಗೆ ಸರಿಯಾಗಿ ತೋರಿಸಿರಿ. ಬ್ರೇಕಿನ ದೀಪ ಹತ್ತಿದರೆ “ಊರು ಮುಟ್ಟಿ ನೋಡೋಣು” ಅನ್ನಬೇಡಿ. ಗ್ಯಾರೇಜಿನ ಅಣ್ಣಗಳಿಗೂ ಒಂದು ಮಾತು: ಬಾನೆಟ್ಟಿನೊಳಗಿನ ಕಿತ್ತಳೆ ಬಣ್ಣದ ಕೇಬಲ್ ಮುಟ್ಟಬೇಡಿ. ಅದರ ಕರೆಂಟು ಜೀವ ತೆಗೆಯುವಷ್ಟಿದೆ.

ಕಾರೇ ಇಲ್ಲದವರಿಗೆ ಇದೆಲ್ಲ ಯಾಕೆ ಅನ್ನಬೇಡಿ. ಬಸ್ಸು ಬಂದರೆ ಎರಡು ಓಣಿ ಆಚೆಗೇ ಕೇಳುತ್ತದೆ. ಹೈಬ್ರಿಡ್ ಮೆಲ್ಲಗೆ ಹೋಗುವಾಗ ಎಂಜಿನ್ ಬಂದಾಗಿ ಬರೀ ಬ್ಯಾಟರಿ ಮೇಲೆ ಓಡುತ್ತದೆ, ಸದ್ದು ಕಡಿಮೆ. ರಿವರ್ಸ್, ನಿಲುಗಡೆ, ನಿಧಾನ ಓಟದಂಥ ಸಂದರ್ಭಗಳಲ್ಲಿ ಹೈಬ್ರಿಡ್ ಕಾರು ಪಾದಚಾರಿಗೆ ಬಡಿಯುವ ಸಂಭವ ಮಾಮೂಲಿ ಕಾರಿನ ಎರಡರಷ್ಟು ಎಂದು ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆ 2009ರಲ್ಲೇ ಲೆಕ್ಕ ಕೊಟ್ಟಿತು. ಯುರೋಪಿನಲ್ಲಿ 2021ರಿಂದ ಇಂಥ ಎಲ್ಲ ಹೊಸ ಕಾರುಗಳೂ ನಿಧಾನ ಓಟದಲ್ಲಿ ಸದ್ದು ಮಾಡಲೇಬೇಕು.

ಜಾತ್ರೆಯ ಡೊಳ್ಳು, ಪೀಪಿ, ಮೈಕಿನ ನಡುವೆ ಆ ಸಣ್ಣ ಸದ್ದು ಯಾರ ಕಿವಿಗೆ ಬಿದ್ದೀತು? ಬಳೆ ಅಂಗಡಿ ಮುಂದೆ ಕುಕ್ಕರಿಸಿದ ಅಜ್ಜಿಗೆ, ಬೆಂಡು-ಬತ್ತಾಸಿನ ಕಡೆ ಓಡುವ ಕೂಸಿಗೆ ಬೆನ್ನ ಹಿಂದಿನ ಕಾರು ಗೊತ್ತಾಗುವುದಿಲ್ಲ. ಜಾತ್ರೆಯ ದಿನ ಪೇಟೆಯ ಹೊರಗೇ ಕಾರು ನಿಲ್ಲಿಸುವ ಜಾಗ ಮಾಡಿದರೆ ಪಂಚಾಯ್ತಿಗೂ ಪೊಲೀಸರಿಗೂ ದೊಡ್ಡ ಖರ್ಚೇನಿಲ್ಲ. ಅಂಗಡಿಕಾರರು ಒಗ್ಗಟ್ಟಾಗಿ ಕೇಳಿದರೆ ಆಗದ ಕೆಲಸವೂ ಅಲ್ಲ.