ಮೈಬೆಳೆದ ಕುದುರೆಗೆ ಮಿತಾಹಾರ

ಕುದುರೆಯ ಮೈ ತುಂಬಿ ಮಿರುಗುತ್ತಿದ್ದರೆ ಒಡೆಯನ ಮನಸ್ಸೂ ತುಂಬುವುದು ಸಹಜವೇ ಸರಿ. ಆದರೆ ಆ ತುಂಬಿಕೆಯು ಮಾಂಸಖಂಡದ್ದೋ ಕೊಬ್ಬಿನದೋ ಎಂಬುದನ್ನರಿಯಲು ಕಣ್ಣು ಸಾಲದು, ಕೈಯಾಡಿಸಿ ನೋಡತಕ್ಕುದು. ಪಕ್ಕೆಯನ್ನು ಅಂಗೈಯಿಂದ ಮೆಲ್ಲನೆ ಸವರಿದಾಗ ಎಲುಬುಗಳು ತಾಕಬೇಕು. ಒತ್ತಿದರೂ ತಾಕದೆ, ಕುತ್ತಿಗೆಯ ಮೇಲಂಚು ಗಟ್ಟಿಯಾಗಿ ಉಬ್ಬಿ, ಬಾಲದ ಬುಡದಲ್ಲಿ ಮೆತ್ತನೆಯ ಕೊಬ್ಬು ಕೂಡಿದ್ದರೆ ಅದು ಪುಷ್ಟಿಯಲ್ಲ, ಬೊಜ್ಜು.

ನಮ್ಮ ಸೀಮೆಯಲ್ಲಿ ಈ ಬೊಜ್ಜಿಗೆ ಒಂದು ಹಿನ್ನೆಲೆಯುಂಟು. ಟಿಪ್ಪು ಸುಲ್ತಾನನ ಕಾಲದಲ್ಲಿ ಕುಣಿಗಲಿನಲ್ಲಿ ಅಶ್ವದಳಕ್ಕಾಗಿ ಕುದುರೆಗಳನ್ನು ಬೆಳೆಸುತ್ತಿದ್ದರು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣಕ್ಕೆ ನುಗ್ಗಿದ ಸವಾರರಲ್ಲಿ ಮೈಸೂರಿನ ಲ್ಯಾನ್ಸರ್ ದಳದವರೂ ಇದ್ದರು. ಬೆಂಗಳೂರಿನ ಬೀದಿಗಳಲ್ಲಿ ಜಟಕಾ ಎಳೆದ ಕುದುರೆಗಳಿಗೂ ದುಡಿಮೆಯ ಕೊರತೆಯಿರಲಿಲ್ಲ. ಅಂಥವುಗಳಿಗೆ ಬೇಯಿಸಿದ ಹುರುಳಿ ತಕ್ಕುದಾಗಿತ್ತು. ಆಂಗ್ಲರು ಆ ಧಾನ್ಯಕ್ಕೆ ಕುದುರೆಯ ಹೆಸರನ್ನೇ ಇಟ್ಟರು. ದುಡಿಮೆ ಹೋಯಿತು, ಹುರುಳಿಯ ಪಡಿ ಮಾತ್ರ ಉಳಿಯಿತು. ಕಾರ್ಖಾನೆಗಳ ಊರಾಗಿರುವ ಇಂದಿನ ಬಾಶೆಟ್ಟಿಹಳ್ಳಿಯ ಆಸುಪಾಸಿನಲ್ಲಿ ಯಾರಾದರೂ ತೋಟದ ಲಾಯದಲ್ಲಿ ಕುದುರೆಯೊಂದನ್ನು ಕಟ್ಟಿ, ವಾರಕ್ಕೊಮ್ಮೆ ಸವಾರಿ ಮಾಡಿ, ದಿನಕ್ಕೆರಡು ಬಾರಿ ಹುರುಳಿ, ಬೂಸ, ಅಕ್ಕರೆಗೆ ಬೆಲ್ಲದ ಉಂಡೆ ಕೊಟ್ಟರೆ ಅದರ ಮೈ ಬೆಳೆಯದೆ ಇದ್ದೀತೆ?

ಬೊಜ್ಜಿನ ದೊಡ್ಡ ಕೇಡು ಕಾಣಿಸಿಕೊಳ್ಳುವುದು ಗೊರಸಿನಲ್ಲಿ. ಗೊರಸಿನೊಳಗಣ ಎಲುಬನ್ನು ಹೊರಚಿಪ್ಪಿಗೆ ಬಿಗಿದಿರುವ ಪದರಗಳು ಕೆಟ್ಟು ಸಡಿಲವಾಗುವ ಲ್ಯಾಮಿನೈಟಿಸ್ ಎಂಬ ರೋಗವು ಕೊಬ್ಬಿದ ಕುದುರೆಗಳಲ್ಲಿ ಹೆಚ್ಚು. ಇದಕ್ಕೆ ಹೆದರಿ ಕೆಲವರು ಒಮ್ಮೆಗೇ ಮೇವನ್ನು ನಿಲ್ಲಿಸಿಬಿಡುತ್ತಾರೆ. ಇದು ಬೊಜ್ಜಿಗಿಂತಲೂ ಬೇಗ ಕೊಲ್ಲಬಲ್ಲುದು. ಕುದುರೆಯ ಜಠರವು ಚಿಕ್ಕದು. ಅದರಲ್ಲಿ ಆಮ್ಲವು ಹಗಲಿರುಳೂ ಸುರಿಯುತ್ತಿರುವುದರಿಂದ ಬರಿಹೊಟ್ಟೆಯಲ್ಲಿ ಹುಣ್ಣಾಗುತ್ತದೆ. ಅದಲ್ಲದೆ, ಉಪವಾಸವಿದ್ದಾಗ ಮೈಯ ಕೊಬ್ಬು ಕರಗಿ ರಕ್ತಕ್ಕೆ ಹರಿದು ಯಕೃತ್ತನ್ನು ಮುತ್ತುತ್ತದೆ. ತಟ್ಟುಗಳಿಗೂ ಕತ್ತೆಗಳಿಗೂ ಗಬ್ಬದ ಹೆಣ್ಗುದುರೆಗಳಿಗೂ ಈ ಅಪಾಯ ವಿಶೇಷ.

ಆದುದರಿಂದ ಮೊದಲು ಅಳತೆ. ಮುಂಗಾಲುಗಳ ಹಿಂದೆ ಎದೆಯ ಸುತ್ತಳತೆಯನ್ನೂ, ಭುಜದ ಮುಂತುದಿಯಿಂದ ಪೃಷ್ಠದ ಹಿಂತುದಿಯವರೆಗಿನ ಉದ್ದವನ್ನೂ ಸೆಂಟಿಮೀಟರಿನಲ್ಲಿ ತೆಗೆದುಕೊಳ್ಳಬೇಕು. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ತೂಕವು ಹೆಚ್ಚುಕಡಮೆ ಕಿಲೋಗ್ರಾಮಿನಲ್ಲಿ ಬರುವುದು. ಸುತ್ತಳತೆ 180, ಉದ್ದ 160 ಆದರೆ ತೂಕ ಸುಮಾರು 436. ತೇವ ಕಳೆದು ಲೆಕ್ಕಮಾಡಿದ ಮೇವು ದಿನಕ್ಕೆ ಈ ತೂಕದ ನೂರರಲ್ಲಿ ಒಂದೂವರೆ ಭಾಗ, ಅಂದರೆ ಆರೂವರೆ ಕಿಲೋ; ಒಣಹುಲ್ಲಿನಲ್ಲಿಯೂ ತುಸು ತೇವವಿರುವುದರಿಂದ ತಕ್ಕಡಿಯಲ್ಲಿ ಏಳೂವರೆ ಕಿಲೋ ತೂಗಬೇಕು. ವೈದ್ಯರ ಮಾತಿಲ್ಲದೆ ಇದಕ್ಕಿಂತ ಇಳಿಸಕೂಡದು. ಈ ಮಟ್ಟಕ್ಕೂ ಎರಡು ಮೂರು ವಾರಗಳಲ್ಲಿ ಮೆಲ್ಲಮೆಲ್ಲನೆ ಬರತಕ್ಕುದು.

ಹುರುಳಿ, ಬೂಸ, ಬೆಲ್ಲಗಳನ್ನು ಬಿಡಿಸಬೇಕು. ಖನಿಜಮಿಶ್ರಣವನ್ನೂ ಉಪ್ಪನ್ನೂ ಬಿಡಿಸಬಾರದು. ಹುಲ್ಲನ್ನು ನೀರಿನಲ್ಲಿ ಒಂದು ಗಂಟೆ ನೆನೆಸಿ ಬಸಿದರೆ ಸಕ್ಕರೆಯ ಅಂಶ ಕೆಲಮಟ್ಟಿಗೆ ಹೋಗುವುದು. ಬೇಸಗೆಯಲ್ಲಿ ಅದು ಬೇಗ ಹುಳಿಯುವುದರಿಂದ ಬಸಿದೊಡನೆ ಹಾಕಬೇಕು. ಸಣ್ಣ ಕಣ್ಣಿನ ಬಲೆಯಲ್ಲಿ ತುಂಬಿ, ನಾಲ್ಕೈದು ಸಲ ಹಂಚಿ ಕೊಟ್ಟರೆ ಅಷ್ಟೇ ಹುಲ್ಲು ಹೆಚ್ಚು ಹೊತ್ತು ಬಾಳುತ್ತದೆ. ರಾಗಿಹುಲ್ಲು ನಮ್ಮಲ್ಲಿ ಸುಲಭವೆಂದು ಅದನ್ನೇ ಮೇಯಿಸುವುದು ಸರಿಯಲ್ಲ. ಕರುಳಿನಲ್ಲಿ ಕಟ್ಟಿಕೊಂಡು ಹೊಟ್ಟೆಶೂಲೆ ತರಬಹುದು. ಹಲ್ಲು ಚೆನ್ನಾಗಿದ್ದರೆ ಮೂರರಲ್ಲೊಂದು ಪಾಲು ಬೆರಸಬಹುದು.

ಗೊರಸು ನಿರೋಗಿಯಾಗಿದ್ದರೆ ಹದಿನೈದಿಪ್ಪತ್ತು ನಿಮಿಷದ ನಡಿಗೆಯಿಂದ ಆರಂಭಿಸಿ ದಿನೇ ದಿನೇ ಹೆಚ್ಚಿಸತಕ್ಕುದು. ಕುದುರೆಯು ಮುಂಗಾಲುಗಳನ್ನು ಮುಂದಕ್ಕೆ ಚಾಚಿ ಹಿಂದಕ್ಕೆ ವಾಲಿ ನಿಂತರೆ, ತಿರುಗಲು ಹಿಂಜರಿದರೆ, ಗೊರಸು ಬಿಸಿಯಾಗಿದ್ದರೆ, ಒಂದು ಹೆಜ್ಜೆಯನ್ನೂ ನಡೆಸದೆ ಪಶುವೈದ್ಯರನ್ನು ಕರೆಯಿಸಬೇಕು. ವಾರಕ್ಕೆ ಎರಡರಿಂದ ನಾಲ್ಕು ಕಿಲೋ ಇಳಿದರೆ ಸಾಕು. ಹದಿನೈದು ದಿನಕ್ಕೊಮ್ಮೆ ಅಳೆದು ಬರೆದಿಡಬೇಕು. ತೂಕವು ಹದಕ್ಕೆ ಬಂದ ಮೇಲೆ ಹುಲ್ಲನ್ನು ತುಸು ಹೆಚ್ಚಿಸಬಹುದು. ಹುರುಳಿಯಾದರೋ, ದಿನದಿನದ ಸವಾರಿ ಮೊದಲಾಗುವವರೆಗೆ ಡಬ್ಬದಲ್ಲಿಯೇ ಇರಲಿ.