ಸಿಸ್ಟರ್ ಆಗುವುದು ಒಂದೇ ದಿನದ ಮಾತಲ್ಲ

ಪಿಯುಸಿ ಮುಗಿಸಿದ ಹುಡುಗಿಯೊಬ್ಬಳು ‘ನಾನು ಕಾನ್ವೆಂಟಿಗೆ ಸೇರ್ತೇನೆ’ ಎಂದರೆ ಮನೆಯಲ್ಲಿ ಒಬ್ಬರು ಹೆಮ್ಮೆಪಡುತ್ತಾರೆ, ಇನ್ನೊಬ್ಬರು ಅಳುತ್ತಾರೆ. ಇಬ್ಬರೂ ಅಂದುಕೊಳ್ಳುವುದು ಮಾತ್ರ ಒಂದೇ: ಇವಳು ಇನ್ನು ಮನೆಗೆ ಬರುವವಳಲ್ಲ. ಬೇರೆ ಧರ್ಮದ ಗೆಳತಿಯರಿಗಂತೂ ಇದು ದೊಡ್ಡ ಒಗಟು. ‘ಸಿಸ್ಟರ್ ಆಗ್ಲಿಕ್ಕೆ ಏನಾದ್ರೂ ಕೋರ್ಸ್ ಉಂಟಾ? ಒಮ್ಮೆ ಒಳಗೆ ಹೋದ್ರೆ ಮುಗೀತಾ?’ ಎಂದು ಕಾಲೇಜಿನಲ್ಲಿ ನನ್ನನ್ನು ಕೇಳಿದವರು ಅನೇಕರು.

ಕೋರ್ಸ್ ಅಲ್ಲ, ಹಂತಗಳಿವೆ. ಎಂಬಿಬಿಎಸ್‌ಗೆ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಸಿಸ್ಟರ್ ಒಬ್ಬರು ‘ಜೀವನಪೂರ್ತಿ’ ಎಂಬ ಮಾತು ಕೊಡುವ ಹೊತ್ತಿಗೆ ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚು ಕಾಲ ಕಳೆದಿರುತ್ತದೆ. ಈ ವರ್ಷಗಳು ಇರುವುದು ಅವಳನ್ನು ಕಟ್ಟಿಹಾಕಲು ಅಲ್ಲ. ‘ನಿಜವಾಗಿಯೂ ನಿನಗೆ ಇದು ಬೇಕಾ?’ ಎಂದು ಮತ್ತೆ ಮತ್ತೆ ಕೇಳಲು.

ಬಂದು ನೋಡು, ಆಮೇಲೆ ಹೇಳು

ಮೊದಲ ಹಂತದವರನ್ನು ಆಸ್ಪಿರೆಂಟ್ ಅಥವಾ ಕ್ಯಾಂಡಿಡೇಟ್ ಎನ್ನುತ್ತಾರೆ. ಕಾನ್ವೆಂಟಿನಲ್ಲಿದ್ದು ಅಲ್ಲಿನ ದಿನಚರಿ ನೋಡುವ ಕಾಲವದು. ಬೆಳಗಿನ ಪ್ರಾರ್ಥನೆ, ಪೂಜೆ, ಓದು, ಅಡುಗೆಮನೆ, ತೋಟ. ಮುಂದಿನದು ಪೋಸ್ಟುಲೆನ್ಸಿ. ‘ಪೋಸ್ಟುಲೆಂಟ್’ ಎಂದರೆ ಕೇಳಿಕೊಳ್ಳುವವಳು ಎಂದರ್ಥ. ಇವೆರಡಕ್ಕೆ ಎಷ್ಟು ಕಾಲ ಎಂಬುದನ್ನು ಆಯಾ ಸಂಸ್ಥೆಯೇ, ನಮ್ಮ ಮಾತಿನಲ್ಲಿ ಹೇಳುವುದಾದರೆ ಆಯಾ ‘ಸಭೆ’ಯೇ, ನಿರ್ಧರಿಸುತ್ತದೆ.

ನಿಜವಾದ ತಿರುವು ನೊವಿಶಿಯೇಟ್. ಇಲ್ಲಿಂದ ಕ್ಯಾನನ್ ಲಾ ಎಂದು ಕರೆಯುವ ಚರ್ಚಿನ ಕಾನೂನು ಬಿಗಿಯಾಗುತ್ತದೆ. ಈಗ ಜಾರಿಯಲ್ಲಿರುವುದು 1983ರ ಸಂಹಿತೆ. ಅದರ ಪ್ರಕಾರ 17 ವರ್ಷ ತುಂಬದವರನ್ನು ನೊವಿಶಿಯೇಟಿಗೆ ಸೇರಿಸಿಕೊಂಡರೆ ಆ ಸೇರ್ಪಡೆಯೇ ಅಸಿಂಧು. ಬಲವಂತದಿಂದಲೋ ಹೆದರಿಕೆಯಿಂದಲೋ ಮೋಸದಿಂದಲೋ ಬಂದವರದ್ದೂ ಅಸಿಂಧು. ತೀರಿಸಲಾಗದ ಸಾಲ ಇರುವವರನ್ನು ಸೇರಿಸಿಕೊಳ್ಳುವಂತಿಲ್ಲ. ಅಂದರೆ ಅಪ್ಪ-ಅಮ್ಮನ ಹರಕೆ ತೀರಿಸಲು, ಮನೆಯ ತಾಪತ್ರಯದಿಂದ ತಪ್ಪಿಸಿಕೊಳ್ಳಲು ಬರುವ ಜಾಗ ಇದಲ್ಲ ಎಂದು ಕಾನೂನೇ ಹೇಳುತ್ತದೆ.

ನೊವಿಶಿಯೇಟ್ ಕನಿಷ್ಠ 12 ತಿಂಗಳು, ಒಟ್ಟು ಎರಡು ವರ್ಷ ಮೀರಬಾರದು. ಈ ಅವಧಿಯಲ್ಲಿ ಡಿಗ್ರಿ ಓದು, ಶಾಲೆಯ ಕೆಲಸ ಎಂದು ಬೇರೆ ಕಡೆ ಗಮನ ಹರಿಯಬಾರದು. ಪ್ರಾರ್ಥನೆ, ಮೌನ, ಸಭೆಯ ಇತಿಹಾಸ, ಬೈಬಲ್, ತನ್ನನ್ನು ತಾನು ನೋಡಿಕೊಳ್ಳುವುದು, ಇಷ್ಟೇ. ಮೊಬೈಲ್ ಇಲ್ಲದೆ ಒಂದು ದಿನ ಕಳೆಯಲಾಗದ ನಮ್ಮ ವಯಸ್ಸಿನವರಿಗೆ ಇದರ ತೂಕ ಏನೆಂದು ಬಿಡಿಸಿ ಹೇಳಬೇಕಿಲ್ಲ. ನೊವಿಸ್ ಬೇಡವೆನಿಸಿದ ದಿನ ಹೊರಡಬಹುದು. ಹಾಗೆಯೇ ಸಭೆಯೂ ಅವಳನ್ನು ಕಳುಹಿಸಬಹುದು. ಕೊನೆಯಲ್ಲೂ ಅನುಮಾನ ಉಳಿದರೆ ಹೆಚ್ಚೆಂದರೆ ಇನ್ನು ಆರು ತಿಂಗಳು ಕಾಯಬಹುದು.

ಮೊದಲ ಮಾತು, ಕೊನೆಯ ಮಾತು

ಆಮೇಲೆ ಬರುವುದು ಮೊದಲ ವ್ರತ. ಬಡತನ, ಬ್ರಹ್ಮಚರ್ಯ, ವಿಧೇಯತೆ ಎಂಬ ಮೂರು ವ್ರತಗಳು. ಚರ್ಚಿನಲ್ಲಿ ಊರೆಲ್ಲ ಸೇರಿ, ಮನೆಯಲ್ಲಿ ಊಟ ಹಾಕಿಸಿದರೂ ಈ ವ್ರತ ತಾತ್ಕಾಲಿಕ. ಹಲವು ಸಭೆಗಳಲ್ಲಿ ಅದನ್ನು ವರ್ಷ ವರ್ಷವೂ ನವೀಕರಿಸುತ್ತಾರೆ. ಹೀಗೆ ಮೂರರಿಂದ ಆರು ವರ್ಷ. ವಿಶೇಷ ಸಂದರ್ಭದಲ್ಲಿ ಒಂಬತ್ತರವರೆಗೆ. ಅವಧಿ ಮುಗಿದ ದಿನ ‘ನಾನು ಹೊರಡುತ್ತೇನೆ’ ಎಂದರೆ ಯಾರ ಅನುಮತಿಯೂ ಬೇಕಿಲ್ಲ. 21 ತುಂಬುವ ಮೊದಲು ಶಾಶ್ವತ ವ್ರತ ಮಾಡುವಂತೆಯೇ ಇಲ್ಲ. ಆ ವ್ರತಕ್ಕೆ ಮೊದಲು ತನ್ನ ಹೆಸರಿನ ಆಸ್ತಿಗೆ ದೇಶದ ಕಾನೂನು ಒಪ್ಪುವಂಥ ವಿಲ್ ಕೂಡ ಬರೆದಿಡಬೇಕು.

ಪುರುಷರ ಸಭೆಗಳಲ್ಲೂ ಹಂತಗಳು ಹೆಚ್ಚುಕಡಿಮೆ ಹೀಗೆಯೇ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜನ್ನು 1880ರಲ್ಲಿ ಆರಂಭಿಸಿದ ಯೇಸು ಸಭೆಯ ದಾರಿ ಇನ್ನೂ ದೀರ್ಘ. ಎರಡು ವರ್ಷದ ನೊವಿಶಿಯೇಟ್, ಅದರ ನಡುವೆ 30 ದಿನಗಳ ಮೌನ ಧ್ಯಾನ, ನಂತರ ತತ್ವಶಾಸ್ತ್ರ, ಕೆಲವು ವರ್ಷ ಶಾಲೆಯಲ್ಲೋ ಬೇರೆಡೆಯೋ ಕೆಲಸ, ಆಮೇಲೆ ದೈವಶಾಸ್ತ್ರ. ಹೈಸ್ಕೂಲಿನಲ್ಲಿ ಪಾಠ ಹೇಳಿ ಸಂಜೆ ನಮ್ಮ ಜೊತೆ ಫುಟ್‌ಬಾಲ್ ಆಡುವ ‘ಬ್ರದರ್’ಗಳು ಈ ನಡುವಿನ ಹಂತದವರು. ಗುರುದೀಕ್ಷೆಯ ಹೊತ್ತಿಗೆ ಹತ್ತು ವರ್ಷ ದಾಟಿರುತ್ತದೆ. ಅಲ್ಲಿ ನೊವಿಶಿಯೇಟ್ ಮುಗಿದಾಗಲೇ ವ್ಯಕ್ತಿ ಶಾಶ್ವತ ವ್ರತ ಮಾಡುತ್ತಾನೆ. ಆದರೆ ಸಭೆ ಅವನನ್ನು ಪೂರ್ತಿಯಾಗಿ ಸ್ವೀಕರಿಸುವುದು ಗುರುದೀಕ್ಷೆಯ ಎಷ್ಟೋ ಕಾಲದ ನಂತರ, ಅಂತಿಮ ವ್ರತದ ದಿನ.

ಬೇಡವೆನಿಸಿಕೊಂಡ ಸಂತೆ

ಈ ಹಂತಗಳಲ್ಲಿ ಎಡವಿದವರೆಲ್ಲ ಸೋತವರೇ? ಮಂಗಳೂರಿನ ಇತಿಹಾಸವೇ ಉತ್ತರ ಕೊಡುತ್ತದೆ. ಪ್ಯಾಲೆಸ್ಟೀನಿನ ಮರಿಯಮ್ ಬವಾರ್ದಿ ಎಂಬ ಬಡ ಹುಡುಗಿ ಮೊದಲು ಫ್ರಾನ್ಸಿನ ಮಾರ್ಸೇಯಲ್ಲಿ ಸಿಸ್ಟರುಗಳ ಒಂದು ಸಭೆಗೆ ಸೇರಿದಳು. ಪೋಸ್ಟುಲೆಂಟ್ ಆಗಿದ್ದಾಗಲೇ ಅಲ್ಲಿ ಅವಳನ್ನು ಬೇಡವೆಂದರು. 1867ರಲ್ಲಿ ಅವಳು ಪೋ ಪಟ್ಟಣದ ಕಾರ್ಮೆಲ್ ಮಠ ಸೇರಿದಳು. ಜೊತೆಗೆ ಹೋದವರು ಅದೇ ಸಭೆಯಲ್ಲಿದ್ದ ಮದರ್ ವೆರೋನಿಕಾ. ಅವರೂ ಅದನ್ನು ಬಿಟ್ಟು ಬಂದಿದ್ದರು. 1868ರಲ್ಲಿ ಅದೇ ವೆರೋನಿಕಾ ಅಪೋಸ್ತಲಿಕ್ ಕಾರ್ಮೆಲ್ ಸಭೆಯನ್ನು ಸ್ಥಾಪಿಸಿದರು. ಆ ಸಭೆಯ ಸಿಸ್ಟರುಗಳು 1870ರಲ್ಲಿ ಮಂಗಳೂರಿಗೆ ಬಂದು ಹೆಣ್ಣುಮಕ್ಕಳ ಶಿಕ್ಷಣಕ್ಕೆ ದುಡಿದರು.

ಅದೇ ವರ್ಷ ಮರಿಯಮ್ ಕೂಡ ಮಂಗಳೂರಿನ ಕಾರ್ಮೆಲ್ ಮಠಕ್ಕೆ ನೊವಿಸ್ ಆಗಿ ಬಂದಳು. 1871ರ ನವೆಂಬರ್‌ನಲ್ಲಿ ವ್ರತ ಮಾಡಿದ್ದು ಇಲ್ಲಿಯೇ. ಮರುವರ್ಷ ಅವಳ ಬಗ್ಗೆ ಅನುಮಾನಗಳೆದ್ದು ಮತ್ತೆ ಫ್ರಾನ್ಸಿಗೆ ಕಳುಹಿಸಿದರು. 2015ರಲ್ಲಿ ಪೋಪ್ ಫ್ರಾನ್ಸಿಸ್ ಅವಳನ್ನು ಸಂತೆ ಎಂದು ಘೋಷಿಸಿದರು.

ವಾಪಸ್ ಬಂದವರ ಪಾಡು

ಇಷ್ಟೆಲ್ಲ ಗೊತ್ತಿದ್ದೂ ನಮ್ಮ ಊರುಗಳಲ್ಲಿ ಕಾನ್ವೆಂಟಿನಿಂದ ಹಿಂದಿರುಗಿದ ಹುಡುಗಿಗೆ ಸಿಗುವ ಬಿರುದು ‘ಓಡಿ ಬಂದವಳು’. ನನ್ನ ದೊಡ್ಡಪ್ಪನ ಮಗಳು ನೊವಿಶಿಯೇಟಿನ ಎರಡನೇ ವರ್ಷದಲ್ಲಿ ಮನೆಗೆ ಬಂದಳು. ಪೂಜೆ ಮುಗಿಸಿ ಹೊರಬರುವಾಗ ಜನ ಪಿಸುಗುಡುತ್ತಿದ್ದರು. ಮದುವೆಯ ಮಾತು ಬಂದಾಗಲೂ ಅದೇ ಪ್ರಶ್ನೆ: ‘ಏನು ತೊಂದರೆ ಆಗಿತ್ತಂತೆ?’ ಅಕ್ಕ ನನ್ನ ಬಳಿ ಹೇಳಿದ್ದು ಇಷ್ಟೇ: ‘ಓಡಿ ಬಂದದ್ದಲ್ಲ ಮಾರಾಯ್ತಿ. ಅವರು ಕೇಳಿದ್ರು, ನಾನು ಆಗುದಿಲ್ಲ ಅಂದೆ.’

ಅವಳು ಬೇಗ ಬಂದಳು. ಹತ್ತು-ಹದಿನೈದು ವರ್ಷ ಶಾಲೆಯಲ್ಲೋ ಆಸ್ಪತ್ರೆಯಲ್ಲೋ ದುಡಿದು ಹೊರಬರುವವರ ಕಷ್ಟ ಬೇರೆ. ಸಭೆಗಾಗಿ ಮಾಡಿದ ಕೆಲಸಕ್ಕೆ ಅವರು ಪ್ರತಿಫಲ ಕೇಳುವಂತಿಲ್ಲ ಎನ್ನುತ್ತದೆ ಚರ್ಚಿನ ಕಾನೂನು. ಆದರೆ ಅದರ ಮರುಸಾಲೇ, ಹೊರಟವರೊಂದಿಗೆ ಸಭೆ ನ್ಯಾಯದಿಂದ, ಸುವಾರ್ತೆಯ ಪ್ರೀತಿಯಿಂದ ನಡೆದುಕೊಳ್ಳಬೇಕು ಎಂದೂ ಹೇಳುತ್ತದೆ. ಈ ಪ್ರೀತಿ ಆಯಾ ಕಾಲದ ಮದರ್ ಸುಪೀರಿಯರ್ ಮನಸ್ಸಿನ ಮೇಲೆ ನಿಲ್ಲಬಾರದು. ಒಂದಿಷ್ಟು ಹಣ, ವಸತಿ, ಉದ್ಯೋಗ ಹುಡುಕಲು ನೆರವು ಸಿಗುವುದು ಖಚಿತವಿದ್ದರೆ ಮಾತ್ರ ‘ಇಲ್ಲ’ ಎನ್ನುವ ಸ್ವಾತಂತ್ರ್ಯಕ್ಕೆ ಅರ್ಥ.

ಇದು ಸಭೆಗಳ ಕೆಲಸ. ಊರಿನವರಾದ ನಮ್ಮ ಕೆಲಸ ಇನ್ನೂ ಸುಲಭ. ಶಾಶ್ವತ ವ್ರತದ ದಿನ ಸಿಸ್ಟರ್ ಹೇಳುವ ‘ಹೌದು’ ಎಂಬ ಮಾತಿಗೆ ಬೆಲೆ ಬರುವುದು, ಅದಕ್ಕೂ ಮೊದಲಿನ ಪ್ರತಿ ಹಂತದಲ್ಲೂ ‘ಇಲ್ಲ’ ಎನ್ನುವ ಅವಕಾಶ ಅವಳಿಗಿದ್ದ ಕಾರಣಕ್ಕೆ. ಉಳಿದವಳಿಗೆ ಹಾರ ಹಾಕುವ ನಾವು, ಹಿಂದಿರುಗಿದವಳನ್ನು ಕಂಡಾಗ ‘ಯಾಕೆ ಬಂದೆ?’ ಎನ್ನುವ ಬದಲು ‘ಊಟ ಆಯ್ತಾ?’ ಎಂದು ಕೇಳಿದರೂ ಸಾಕು.